ಹುಲ್ಲುಕಡ್ಡಿ ಮತ್ತು ತಲೆಹೊರೆ: ಸಮೂಹ ದುಡಿಮೆಯಲ್ಲಿ ಕೆಲಸ ಹಾಗೂ ಸಾಮರ್ಥ್ಯದ ಹೊಂದಾಣಿಕೆ

1. ಪೀಠಿಕೆ

'ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ' ಎಂಬ ಗಾದೆ ಕನ್ನಡ ನಾಡಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಕೊಡುವವರಿಗೆ ಹಗುರವೆನಿಸುವ ಕೊಡುಗೆಗಳು ಒಂದೆಡೆ ಕೂಡಿದಾಗ ದೊಡ್ಡ ಹೊರೆಯೇ ಆಗುತ್ತದೆ ಎಂಬುದು ಅದರ ಇಂಗಿತ. ಮಾಹಿತಿ ತಂತ್ರಜ್ಞಾನದ ಈ ಕಾಲದಲ್ಲಿ 'ಕ್ರೌಡ್‌ಸೋರ್ಸಿಂಗ್' ಎಂದು ಕರೆಯಲಾಗುವ ವ್ಯವಸ್ಥೆಯ ತಿರುಳೂ ಇದೇ. ಒಂದು ಸಂಸ್ಥೆ ತನ್ನ ನೌಕರರಿಂದ ಮಾಡಿಸಬೇಕಾದ ಕೆಲಸವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು, ಬಹಿರಂಗ ಕರೆಯ ಮೂಲಕ ಅಪರಿಚಿತರಾದ ಬಹುಸಂಖ್ಯೆಯ ಜನರಿಗೆ ಹಂಚುವುದೇ ಈ ವಿಧಾನ. 2006ರಲ್ಲಿ ಅಮೆರಿಕದ 'ವೈರ್ಡ್' ನಿಯತಕಾಲಿಕದಲ್ಲಿ ಪತ್ರಕರ್ತ ಜೆಫ್ ಹೋವ್ ಈ ಪದವನ್ನು ಬಳಕೆಗೆ ತಂದರು. ಪ್ರಸ್ತುತ ಲೇಖನದಲ್ಲಿ ಇದನ್ನು 'ಸಮೂಹ ದುಡಿಮೆ' ಎಂದು ಕರೆಯಲಾಗಿದೆ.

ಗಾದೆಯಲ್ಲಿ ಎಲ್ಲರ ಹುಲ್ಲುಕಡ್ಡಿಯೂ ಒಂದೇ ಬಗೆಯದು. ಯಾರು ಕೊಟ್ಟರೂ ಕಡ್ಡಿ ಕಡ್ಡಿಯೇ. ಸಮೂಹ ದುಡಿಮೆಯಲ್ಲಿ ಹಾಗಲ್ಲ. ಒಬ್ಬರಿಗೆ ಕಣ್ಣು ಚುರುಕು, ಇನ್ನೊಬ್ಬರಿಗೆ ಕಿವಿ. ಒಬ್ಬರಿಗೆ ಬರಹ ಗೊತ್ತು, ಇನ್ನೊಬ್ಬರಿಗೆ ಬದುಕು ಗೊತ್ತು. ಹೀಗಿರುವಾಗ ಯಾವ ಕೆಲಸವನ್ನು ಯಾರಿಗೆ ಕೊಡಬೇಕು, ಅವರ ಸಾಮರ್ಥ್ಯವನ್ನು ಅರಿಯುವುದು ಹೇಗೆ ಎಂಬ ಪ್ರಶ್ನೆಗಳು ಏಳುತ್ತವೆ. ಮೇಲುನೋಟಕ್ಕೆ ಇವು ಗಣಕವಿಜ್ಞಾನಕ್ಕೆ ಮಾತ್ರ ಸೇರಿದ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ಯಾವ ಹಾಡನ್ನು ಯಾವ ವಕ್ತೃವಿನಿಂದ ಕೇಳಬೇಕು, ಕೇಳಿದ್ದನ್ನು ಯಾರು ಬರಹಕ್ಕಿಳಿಸಬೇಕು ಎಂದು ಹುಡುಕುತ್ತ ಬಂದಿರುವ ಜಾನಪದ ಕ್ಷೇತ್ರಕಾರ್ಯಕ್ಕೆ ಇವು ಹೊಸವಲ್ಲ. ಜಾನಪದ ವಿದ್ವಾಂಸರು ಈ ವಿಷಯವನ್ನು ಅರಿಯಬೇಕಾದ ಇನ್ನೊಂದು ತುರ್ತೂ ಇದೆ. ನಮ್ಮ ಧ್ವನಿಮುದ್ರಿತ ಸಾಮಗ್ರಿಯನ್ನು ಬರಹಕ್ಕಿಳಿಸುವ ಕೆಲಸ ಮುಂದೆ ಈ ದಾರಿಯಲ್ಲೇ ಸಾಗುವ ಸಾಧ್ಯತೆ ಹೆಚ್ಚಾಗಿದೆ. ಹೊಂದಾಣಿಕೆ ತಪ್ಪಿದರೆ ಉಳಿಸಹೊರಟ ನುಡಿಯೇ ಆ ಕೆಲಸದಲ್ಲಿ ಅಳಿಯಬಹುದು.

2. ಮುಯ್ಯಾಳಿನಿಂದ ಅಪರಿಚಿತ ಸಮೂಹದೆಡೆಗೆ

ನಮ್ಮ ಕೃಷಿ ಸಮಾಜದಲ್ಲಿ ಮುಯ್ಯಾಳಿನ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ಪರಸ್ಪರ ಒಪ್ಪಂದದ ಮೇಲೆ ನಿಂತ ದುಡಿಮೆ ಅದು. ಅಲ್ಲಿ ಸೇರಿದವರೆಲ್ಲರೂ ಒಂದೇ ಕೆಲಸ ಮಾಡುವುದಿಲ್ಲ. ಪೈರು ಕೀಳುವವರು ಬೇರೆ, ಗದ್ದೆ ಹದಮಾಡುವವರು ಬೇರೆ, ನಾಟಿ ಹಾಕುವವರು ಬೇರೆ. ಮಳೆನೀರು ಒಳಗಿಳಿಯದಂತೆ ಹುಲ್ಲಿನ ಬಣವೆ ಒಟ್ಟಬಲ್ಲ ಕೈಗಳು ಊರಿಗೆ ಕೆಲವೇ. ಬಣವೆಯ ಮೇಲೆ ಯಾರು ನಿಲ್ಲಬೇಕು, ಕೆಳಗಿನಿಂದ ಹೊರೆ ಎತ್ತಿಕೊಡುವವರು ಯಾರು ಎಂದು ಅಲ್ಲಿ ಯಾರೂ ಪರೀಕ್ಷೆ ನಡೆಸುವುದಿಲ್ಲ. ವರ್ಷಗಳ ಒಡನಾಟದಿಂದ ಒಬ್ಬರ ಕೈಗುಣ ಇನ್ನೊಬ್ಬರಿಗೆ ತಿಳಿದಿರುತ್ತದೆ.

ಸಮೂಹ ದುಡಿಮೆಯಲ್ಲಿ ಇಲ್ಲವಾಗುವುದು ಈ ಪರಿಚಯವೇ. ಕೆಲಸ ಕೊಡುವವರು ಒಂದು ದೇಶದಲ್ಲಿ, ಮಾಡುವವರು ಇನ್ನೊಂದು ದೇಶದಲ್ಲಿ. ನಡುವೆ ಇರುವುದು ಒಂದು ಗಣಕ ವೇದಿಕೆ. ಅಮೆಜಾನ್ ಸಂಸ್ಥೆ 2005ರಲ್ಲಿ ಆರಂಭಿಸಿದ 'ಮೆಕ್ಯಾನಿಕಲ್ ಟರ್ಕ್' ಇಂಥ ವೇದಿಕೆಗಳಲ್ಲಿ ಪ್ರಸಿದ್ಧವಾದುದು. 1770ರಲ್ಲಿ ವೋಲ್ಫ್‌ಗಾಂಗ್ ವಾನ್ ಕೆಂಪೆಲೆನ್ ಪ್ರದರ್ಶಿಸಿದ, ಚದುರಂಗವಾಡುವ ಯಂತ್ರವೆಂದು ನಂಬಿಸಿದ ಗೊಂಬೆಯ ಹೆಸರನ್ನೇ ಅದಕ್ಕೆ ಇಡಲಾಯಿತು. ಆ ಗೊಂಬೆಯ ಪೆಟ್ಟಿಗೆಯೊಳಗೆ ನುರಿತ ಆಟಗಾರನೊಬ್ಬ ಅಡಗಿರುತ್ತಿದ್ದ. ಯಂತ್ರದ ಮರೆಯಲ್ಲಿ ಮನುಷ್ಯ ದುಡಿಯುತ್ತಾನೆ ಎಂಬುದು ಹೆಸರಿನ ಧ್ವನಿ. ಮರೆಯಲ್ಲಿರುವವನ ಕೈಗುಣ ಕಾಣದು. ಕಾಣದಿದ್ದುದನ್ನು ಅಳೆದು ತಿಳಿಯಬೇಕಾಗುತ್ತದೆ. ಪರಿಚಯದ ಜಾಗಕ್ಕೆ ಅಳತೆ ಬಂದುದೇ ಇಲ್ಲಿನ ಮೂಲಭೂತ ಬದಲಾವಣೆ.

3. ಎರಡು ಪೂರ್ವನಿದರ್ಶನಗಳು

ಗಣಕಯಂತ್ರಕ್ಕಿಂತ ಬಹಳ ಹಿಂದೆಯೇ ಸಮೂಹ ದುಡಿಮೆ ನಡೆದಿರುವುದಕ್ಕೆ ಎರಡು ನಿದರ್ಶನಗಳನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಲಂಡನ್ನಿನ ಭಾಷಾಶಾಸ್ತ್ರ ಸಂಘ 1857ರಲ್ಲಿ ಆರಂಭಿಸಿದ ಈ ಕಾರ್ಯದ ಹೊಣೆ 1879ರಲ್ಲಿ ಜೇಮ್ಸ್ ಮರೆ ಅವರಿಗೆ ಬಂದಿತು. ಇಂಗ್ಲಿಷ್ ಓದುವ ಸಾರ್ವಜನಿಕರೆಲ್ಲರೂ ಪುಸ್ತಕಗಳನ್ನು ಓದಿ, ಪದಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಕಳುಹಿಸಬೇಕೆಂದು ಅವರು ಮನವಿ ಮಾಡಿದರು. ಆದರೆ ಹಿಂದಿನ ವರ್ಷಗಳಲ್ಲಿ ಸಂಗ್ರಹವಾಗಿದ್ದ ಚೀಟಿಗಳಲ್ಲಿ ಒಂದು ವಿಚಿತ್ರ ಕೊರತೆ ಅವರಿಗೆ ಕಂಡಿತ್ತು. ಓದುಗರು ತಮಗೆ ವಿಶೇಷವೆನಿಸಿದ ಪದಗಳನ್ನು ಹೆಕ್ಕಿದ್ದರು. ದಿನಬಳಕೆಯ ಪದಗಳನ್ನು ಬಿಟ್ಟಿದ್ದರು. 'ಅಬ್ಯೂಷನ್' ಎಂಬ ಅಪರೂಪದ ಪದಕ್ಕೆ ಸುಮಾರು 50 ಉಲ್ಲೇಖಗಳಿದ್ದರೆ, ಸಾಮಾನ್ಯವಾದ 'ಅಬ್ಯೂಸ್' ಪದಕ್ಕೆ ಐದೂ ಇರಲಿಲ್ಲ. ಜನರಿಗೆ ಸಾಮರ್ಥ್ಯವಿತ್ತು, ಉತ್ಸಾಹವೂ ಇತ್ತು. ಕೆಲಸಕ್ಕೆ ಬೇಕಾದುದು ಏನೆಂಬುದು ಅವರಿಗೆ ತಲುಪಿರಲಿಲ್ಲ. ಇದಕ್ಕೆ ಪ್ರತಿಯಾಗಿ ನಿಲ್ಲುವವರು ವಿಲಿಯಂ ಮೈನರ್. ಬ್ರಾಡ್‌ಮೂರ್ ಮಾನಸಿಕ ಚಿಕಿತ್ಸಾಲಯದಲ್ಲಿ ಬಂಧಿತರಾಗಿದ್ದ ಈ ಅಮೆರಿಕನ್ ಸೇನಾವೈದ್ಯರು ತಮ್ಮ ಬಳಿಯಿದ್ದ ಹಳೆಯ ಪುಸ್ತಕಗಳಿಗೆ ಪದಸೂಚಿ ತಯಾರಿಸಿಕೊಂಡರು. ಸಂಪಾದಕರು ಆಯಾ ಕಾಲಕ್ಕೆ ಯಾವ ಪದದ ಮೇಲೆ ಕೆಲಸ ಮಾಡುತ್ತಿದ್ದಾರೆಂದು ಕೇಳಿ ತಿಳಿದು, ಅದಕ್ಕೇ ಬೇಕಾದ ಉಲ್ಲೇಖಗಳನ್ನು ಕಳುಹಿಸುತ್ತಿದ್ದರು. ಅವರಿಗಿದ್ದ ಬಿಡುವು, ಪುಸ್ತಕಗಳು, ತಾಳ್ಮೆ ಮೂರೂ ಸಂಪಾದಕರ ಆ ಹೊತ್ತಿನ ಅಗತ್ಯಕ್ಕೆ ಜೋಡಣೆಯಾದವು. 1928ರಲ್ಲಿ ನಿಘಂಟು ಪೂರ್ಣಗೊಂಡಾಗ ಅದರ ಹಿಂದೆ ಇಂಥ ನೂರಾರು ಓದುಗರ ದುಡಿಮೆಯಿತ್ತು.

ಎರಡನೆಯದು ಜಾನಪದಕ್ಕೇ ಸೇರಿದ್ದು. 1935ರಲ್ಲಿ ಸ್ಥಾಪನೆಯಾದ ಐರ್ಲೆಂಡಿನ ಜಾನಪದ ಆಯೋಗ 1937ರಿಂದ 1939ರವರೆಗೆ ಶಾಲಾ ಮಕ್ಕಳ ಮೂಲಕ ಒಂದು ಬೃಹತ್ ಸಂಗ್ರಹ ಕಾರ್ಯವನ್ನು ಕೈಗೊಂಡಿತು. 26 ಕೌಂಟಿಗಳ ಸುಮಾರು 5,000 ಪ್ರಾಥಮಿಕ ಶಾಲೆಗಳ ಹಿರಿಯ ತರಗತಿಗಳ ಸುಮಾರು 50,000 ಮಕ್ಕಳು ಇದರಲ್ಲಿ ತೊಡಗಿದರು. ಮೂಲ ನೋಟುಪುಸ್ತಕಗಳನ್ನೂ ಬೈಂಡು ಮಾಡಿದ ಸಂಪುಟಗಳನ್ನೂ ಸೇರಿಸಿದರೆ ಸಂಗ್ರಹದ ಗಾತ್ರ ಸುಮಾರು 7,40,000 ಪುಟಗಳು. ಮಕ್ಕಳು ತಾವೇ ಕಥೆ ಬಲ್ಲವರಾಗಿರಬೇಕೆಂಬ ನಿರೀಕ್ಷೆ ಇರಲಿಲ್ಲ. ತಂದೆತಾಯಿ, ಅಜ್ಜಅಜ್ಜಿ, ನೆರೆಹೊರೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರಬೇಕಾಗಿತ್ತು. ಅದಕ್ಕಾಗಿ ಷಾನ್ ಓ ಸೂಲವಾನ್ ಅವರು ವಿಷಯಸೂಚಿಯ ಕೈಪಿಡಿಯೊಂದನ್ನು ಸಿದ್ಧಪಡಿಸಿದ್ದರು. ಊರಿನ ಸ್ಥಳಪುರಾಣ, ಮನೆಮದ್ದು, ಹಬ್ಬದಾಚರಣೆ, ಆಟ, ಹೂತಿಟ್ಟ ನಿಧಿಯ ಕಥೆ ಮುಂತಾದ ಕಿರಿದಾದ ವಿಷಯಗಳು ಅದರಲ್ಲಿದ್ದವು. ಗಂಟೆಗಟ್ಟಲೆ ಸಾಗುವ ದೀರ್ಘ ಕಥನಗಳನ್ನು ಆಯೋಗದ ಪೂರ್ಣಾವಧಿ ಸಂಗ್ರಾಹಕರು ಎಡಿಫೋನ್ ಯಂತ್ರದಲ್ಲಿ ಧ್ವನಿಮುದ್ರಿಸಿಕೊಳ್ಳುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಕೆಲಸವನ್ನು ಮಕ್ಕಳ ಶಕ್ತಿಗೆ ತಕ್ಕಂತೆ ಕತ್ತರಿಸಲಾಯಿತು ಎಂಬುದು ಒಂದು. ಬಲ್ಲವರು ಒಬ್ಬರು, ಬರೆಯಬಲ್ಲವರು ಇನ್ನೊಬ್ಬರು ಎಂಬ ವಾಸ್ತವವನ್ನು ಒಪ್ಪಿ ಆ ಇಬ್ಬರನ್ನು ಒಂದು ಒಲೆಯ ಮುಂದೆ ಕೂಡಿಸಲಾಯಿತು ಎಂಬುದು ಇನ್ನೊಂದು. ವ್ಯಕ್ತಿಯನ್ನು ಕೆಲಸಕ್ಕೆ ಹೊಂದಿಸುವುದರ ಜೊತೆಗೆ ಕೆಲಸವನ್ನು ವ್ಯಕ್ತಿಗೆ ಹೊಂದಿಸುವುದೂ ಹೊಂದಾಣಿಕೆಯೇ ಆಗಿದೆ.

4. ಸಾಮರ್ಥ್ಯವನ್ನು ಅಳೆಯುವ ವಿಧಾನಗಳು

ಇಂದಿನ ವೇದಿಕೆಗಳು ದುಡಿಮೆಗಾರರ ಸಾಮರ್ಥ್ಯವನ್ನು ಅರಿಯಲು ಅನುಸರಿಸುವ ಮಾರ್ಗಗಳನ್ನು ಸ್ಥೂಲವಾಗಿ ಐದು ಬಗೆಯಾಗಿ ವಿಂಗಡಿಸಬಹುದು.

ಸ್ವಯಂ ಹೇಳಿಕೆ ಮೊದಲನೆಯದು. ಬಲ್ಲ ಭಾಷೆ, ವಿದ್ಯಾಭ್ಯಾಸ, ಊರು ಮುಂತಾದವನ್ನು ದುಡಿಮೆಗಾರರೇ ನಮೂದಿಸುತ್ತಾರೆ. ಇದು ಸುಲಭವಾದ ಮಾರ್ಗ. ಉತ್ಪ್ರೇಕ್ಷೆಗೂ ಸಂಕೋಚಕ್ಕೂ ಎಡೆಯುಂಟು. ಎರಡನೆಯದು ಅರ್ಹತಾ ಪರೀಕ್ಷೆ. ಕೆಲಸಕ್ಕೆ ಮೊದಲು ಮಾದರಿ ಪ್ರಶ್ನೆಗಳನ್ನು ಕೊಟ್ಟು, ಉತ್ತೀರ್ಣರಾದವರಿಗೆ ಮಾತ್ರ ಕೆಲಸ ನೀಡುವುದು. ಮೂರನೆಯದು ನಡುನಡುವೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಗುಟ್ಟಾಗಿ ಸೇರಿಸಿ ನೋಡುವುದು. ನಾಲ್ಕನೆಯದು ಹಿಂದಿನ ದಾಖಲೆ. ಮಾಡಿದ ಕೆಲಸಗಳಲ್ಲಿ ಎಷ್ಟು ಪಾಲು ಅಂಗೀಕೃತವಾಯಿತು ಎಂಬ ಲೆಕ್ಕ ಅದು. ಮೆಕ್ಯಾನಿಕಲ್ ಟರ್ಕ್ ವೇದಿಕೆಯಲ್ಲಿ ಅನೇಕ ಕೆಲಸದಾತರು ಶೇಕಡಾ 95ರಷ್ಟು ಅಂಗೀಕಾರವಿರುವವರನ್ನೇ ಕರೆಯುವ ರೂಢಿ ಬೆಳೆಯಿತು. ಹೊಸಬರಿಗೆ ದಾಖಲೆಯೇ ಇರುವುದಿಲ್ಲವಾದ್ದರಿಂದ ಅವರಿಗೆ ಒಳ್ಳೆಯ ಕೆಲಸ ಸಿಗುವುದು ಕಷ್ಟ. ಕೆಲಸ ಸಿಗದೆ ದಾಖಲೆ ಬೆಳೆಯದು. ಅಳತೆಯ ಈ ತೊಡಕನ್ನು ಬಿಡಿಸಲು ವ್ಯವಸ್ಥೆ ತನ್ನ ಕೆಲಸದ ಒಂದು ಪಾಲನ್ನು ಹೊಸಬರನ್ನು ಅರಿಯುವುದಕ್ಕೆಂದೇ ಮೀಸಲಿಡಬೇಕಾಗುತ್ತದೆ.

ಐದನೆಯದು ದುಡಿಮೆಗಾರರ ಉತ್ತರಗಳನ್ನು ಪರಸ್ಪರ ಹೋಲಿಸುವುದು. ಇದರ ಗಣಿತವನ್ನು ಫಿಲಿಪ್ ಡೇವಿಡ್ ಮತ್ತು ಅಲನ್ ಸ್ಕೀನ್ ಎಂಬ ಸಂಖ್ಯಾಶಾಸ್ತ್ರಜ್ಞರು 1979ರಲ್ಲಿ ಮಂಡಿಸಿದರು. ಅವರ ಮುಂದಿದ್ದುದು ವೈದ್ಯಕೀಯ ಸಮಸ್ಯೆ. ಅರಿವಳಿಕೆ ನೀಡುವ ಐವರು ವೈದ್ಯರು 45 ರೋಗಿಗಳ ದೇಹಸ್ಥಿತಿಯನ್ನು ನಾಲ್ಕು ದರ್ಜೆಗಳಲ್ಲಿ ಗುರುತಿಸಿದ್ದರು. ನಿಜವಾದ ದರ್ಜೆ ಯಾವುದೆಂಬುದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಉತ್ತರಗಳಿಂದ ನಿಜವನ್ನು ಮೊದಲು ಅಂದಾಜಿಸುವುದು, ಆ ಅಂದಾಜಿನ ಆಧಾರದಿಂದ ಪ್ರತಿಯೊಬ್ಬ ವೈದ್ಯರ ತಪ್ಪಿನ ಸ್ವರೂಪವನ್ನು ಲೆಕ್ಕ ಹಾಕುವುದು, ಆ ಲೆಕ್ಕದಿಂದ ನಿಜದ ಅಂದಾಜನ್ನು ಮತ್ತೆ ತಿದ್ದುವುದು. ಹೀಗೆ ಲೆಕ್ಕ ನೆಲೆಗೊಳ್ಳುವವರೆಗೆ ಸುತ್ತುಗಳು ಸಾಗುತ್ತವೆ. ಈ ವಿಧಾನದಲ್ಲಿ ಒಬ್ಬ ವ್ಯಕ್ತಿಗೆ ಒಂದೇ ಅಂಕ ಬರುವುದಿಲ್ಲ. ಅವನು ಯಾವುದನ್ನು ಯಾವುದೆಂದು ತಪ್ಪಾಗಿ ಗುರುತಿಸುತ್ತಾನೆ ಎಂಬ ಪಟ್ಟಿ ಬರುತ್ತದೆ. ಸದಾ ಒಂದು ದರ್ಜೆ ಹೆಚ್ಚು ಹೇಳುವ ವೈದ್ಯನ ಮಾತು ನಿರುಪಯುಕ್ತವಲ್ಲ. ತಪ್ಪಿನಲ್ಲಿ ಕ್ರಮವಿದ್ದರೆ ಅದನ್ನು ತಿದ್ದಿಕೊಂಡು ಬಳಸಬಹುದು. ಸಾಮರ್ಥ್ಯವೆಂಬುದು ಹೆಚ್ಚುಕಡಿಮೆಗಳ ಒಂದೇ ಏಣಿಯಲ್ಲ ಎಂಬ ತಿಳಿವು ಇಲ್ಲಿ ಅಡಗಿದೆ.

ಅಳತೆಯ ಜೊತೆಗೆ ಕಲಿಕೆಯನ್ನೂ ಸೇರಿಸಿದ ಪ್ರಯೋಗಗಳಿವೆ. ಗುರುತ್ವ ತರಂಗಗಳನ್ನು ಹಿಡಿಯುವ ಲೈಗೋ ಉಪಕರಣಗಳಲ್ಲಿ ಕಾಣಿಸುವ ಅನಗತ್ಯ ಸದ್ದುಗಳ ಚಿತ್ರಗಳನ್ನು ವರ್ಗೀಕರಿಸಲು 2016ರಲ್ಲಿ ಆರಂಭವಾದ 'ಗ್ರಾವಿಟಿ ಸ್ಪೈ' ಯೋಜನೆ ಅವುಗಳಲ್ಲೊಂದು. ಹೊಸ ಸ್ವಯಂಸೇವಕರಿಗೆ ಅಲ್ಲಿ ಸುಲಭವಾಗಿ ಗುರುತಿಸಬಹುದಾದ ಕೆಲವೇ ಬಗೆಗಳನ್ನು ಕೊಡಲಾಗುತ್ತದೆ. ಉತ್ತರ ಗೊತ್ತಿರುವ ಚಿತ್ರಗಳಲ್ಲಿ ಅವರ ಕೈ ಕುದುರಿದಂತೆ ಮುಂದಿನ ಹಂತದ ಕಠಿಣ ಬಗೆಗಳು ತೆರೆದುಕೊಳ್ಳುತ್ತವೆ. ಬಣವೆ ಒಟ್ಟುವುದನ್ನು ಕಲಿಯುವ ಹುಡುಗ ಮೊದಲು ಹೊರೆ ಎತ್ತಿಕೊಡುತ್ತ ನಿಂತು ನೋಡುವ ಕ್ರಮ ಇದಕ್ಕಿಂತ ಬೇರೆಯಲ್ಲ.

5. ಬಹುಮತದ ಬಲ ಮತ್ತು ಮಿತಿ

ಸಮೂಹ ದುಡಿಮೆಯ ಸಮರ್ಥಕರು ಪದೇ ಪದೇ ಉಲ್ಲೇಖಿಸುವ ಪ್ರಸಂಗವೊಂದಿದೆ. ಇಂಗ್ಲೆಂಡಿನ ಪ್ಲಿಮತ್ ನಗರದ ಜಾನುವಾರು ಪ್ರದರ್ಶನದಲ್ಲಿ ಎತ್ತಿನ ತೂಕವನ್ನು ಊಹಿಸುವ ಸ್ಪರ್ಧೆ ನಡೆದಿತ್ತು. ಅದರ 787 ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಪರಿಶೀಲಿಸಿ 1907ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಲೇಖನ ಬರೆದರು. ಎಲ್ಲ ಊಹೆಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬಂದ ಸಂಖ್ಯೆ 1207 ಪೌಂಡು. ಕಡಿದು ಸಿದ್ಧಪಡಿಸಿದ ಮಾಂಸದ ನಿಜವಾದ ತೂಕ 1198 ಪೌಂಡು. ಸಮೂಹದ ವಿವೇಕ ಬೆರಗುಗೊಳಿಸುವಂಥದ್ದು ನಿಜ. ಆದರೆ ಅಲ್ಲಿ ಊಹಿಸಿದವರೆಲ್ಲರ ಕಣ್ಣ ಮುಂದೆಯೂ ಅದೇ ಎತ್ತು ನಿಂತಿತ್ತು. ಒಬ್ಬರು ಹೆಚ್ಚು ಹೇಳಿದರೆ ಇನ್ನೊಬ್ಬರು ಕಡಿಮೆ ಹೇಳಿ, ತಪ್ಪುಗಳು ಒಂದನ್ನೊಂದು ಸರಿದೂಗಿಸಿದವು.

ಫ್ರಾನ್ಸಿನ ಚಿಂತಕ ಕಾಂಡೊರ್ಸೆ 1785ರಲ್ಲಿ ನೀಡಿದ ಪ್ರಮೇಯ ಇದರ ಎರಡೂ ಮುಖಗಳನ್ನು ತೋರಿಸುತ್ತದೆ. ಹೌದು ಅಥವಾ ಅಲ್ಲ ಎಂಬ ಪ್ರಶ್ನೆಗೆ ಪ್ರತಿಯೊಬ್ಬರೂ ಸ್ವತಂತ್ರವಾಗಿ ಸರಿಯುತ್ತರ ಕೊಡುವ ಸಂಭವ ಶೇಕಡಾ 60 ಎಂದಿರಲಿ. ಮೂವರ ಬಹುಮತ ಸರಿಯಾಗುವ ಸಂಭವ ಶೇಕಡಾ 64.8, ಐವರದು ಸುಮಾರು 68.3. ಜನ ಹೆಚ್ಚಿದಷ್ಟೂ ನಿಜಕ್ಕೆ ಹತ್ತಿರ. ಆದರೆ ಪ್ರತಿಯೊಬ್ಬರ ಸಂಭವ ಶೇಕಡಾ 40 ಆಗಿದ್ದರೆ ಮೂವರದು 35.2ಕ್ಕೂ ಐವರದು 31.7ಕ್ಕೂ ಇಳಿಯುತ್ತದೆ. ಅಂದರೆ ವಿಷಯ ತಿಳಿಯದವರ ಗುಂಪು ಹಿಗ್ಗಿದಷ್ಟೂ ತಪ್ಪು ಗಟ್ಟಿಯಾಗುತ್ತದೆ.

ಎಲ್ಲರಿಗೂ ಸಮಾನವಾದ ಒಲವು ಇದ್ದರೂ ಬಹುಮತ ಅದನ್ನು ಕಳೆಯಲಾರದು. 2007ರಲ್ಲಿ ಆರಂಭವಾದ 'ಗ್ಯಾಲಕ್ಸಿ ಝೂ' ಯೋಜನೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸುಮಾರು ಒಂಬತ್ತು ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ವರ್ಗೀಕರಿಸಿದರು. ಸುರುಳಿ ಗೆಲಾಕ್ಸಿಗಳಲ್ಲಿ ಒಂದು ದಿಕ್ಕಿಗೆ ಸುತ್ತುವವು ಹೆಚ್ಚೆಂದು ಫಲಿತಾಂಶ ಬಂದಿತು. ಅನುಮಾನಗೊಂಡ ಸಂಶೋಧಕರು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮತ್ತೆ ತೋರಿಸಿದರು. ಆಗಲೂ ಅದೇ ದಿಕ್ಕು ಹೆಚ್ಚಾಗಿ ಬಂದಿತು. ವಾಲಿಕೆ ಆಕಾಶದಲ್ಲಿರಲಿಲ್ಲ, ನೋಡುವ ಕಣ್ಣುಗಳಲ್ಲಿತ್ತು.

ಇದನ್ನು ನಮ್ಮ ನುಡಿಗೆ ಅನ್ವಯಿಸಿ ನೋಡಬೇಕು. ಹಳೆಯ ಮೈಸೂರು ಭಾಗದ ಗ್ರಾಮೀಣ ಆಡುನುಡಿಯಲ್ಲಿ ಪದಾದಿಯ ಹಕಾರ ಲೋಪವಾಗುವುದು ಸಾಮಾನ್ಯ. 'ಹಾಲು' 'ಆಲು' ಆಗುತ್ತದೆ. 'ಹಕ್ಕಿ' 'ಅಕ್ಕಿ' ಆಗುತ್ತದೆ. ಹಾಡಿನಲ್ಲಿ ಕೇಳಿದ 'ಅಕ್ಕಿ' ಗೂಡಿನದೋ ಗಡಿಗೆಯದೋ ಎಂಬುದನ್ನು ಸಂದರ್ಭ ಬಲ್ಲವರು ಮಾತ್ರ ಹೇಳಬಲ್ಲರು. 'ಆಯಿ' ಎಂಬ ಪದವನ್ನು ಕೇಳಿದ ಧಾರವಾಡ, ಬೆಳಗಾವಿ ಕಡೆಯವರಿಗೆ ಅಜ್ಜಿ ನೆನಪಾದರೆ, ಶಿರಸಿ ಕಡೆಯ ಹವ್ಯಕರಿಗೆ ತಾಯಿ ನೆನಪಾಗುತ್ತಾಳೆ. ಇಬ್ಬರೂ ಸರಿಯೇ, ಹಾಡು ಯಾವ ಊರಿನದು ಎಂಬುದೇ ತೀರ್ಪು. ಉತ್ತರ ಕರ್ನಾಟಕದ ಕಣಗಳಲ್ಲಿ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವಾಗ ಹಾಡುತ್ತಿದ್ದವು ಹಂತಿಯ ಪದಗಳು. ಕಣವನ್ನೇ ಕಾಣದ ನಗರದ ಯುವಕನಿಗೆ 'ಹಂತಿ' ಎಂಬುದು 'ಹಂತ' ಎಂದು ಕೇಳಿಸಬಹುದು. ಹಾಗೆ ಕೇಳಿಸಿಕೊಳ್ಳುವವರು ಐವರಲ್ಲಿ ನಾಲ್ವರಿದ್ದರೆ, 'ಹಂತಿ' ಎಂದು ಸರಿಯಾಗಿ ಬರೆದ ಐದನೆಯವರೇ ಬಹುಮತದ ಲೆಕ್ಕದಲ್ಲಿ ತಪ್ಪಿತಸ್ಥರು. ಅವರ ಅಂಗೀಕಾರದ ಪ್ರಮಾಣ ಕುಸಿಯುತ್ತದೆ, ಮುಂದೆ ಅವರಿಗೆ ಕೆಲಸ ಸಿಗುವುದಿಲ್ಲ. ಬಲ್ಲವರನ್ನು ಬಲ್ಲ ಕಾರಣಕ್ಕಾಗಿಯೇ ವ್ಯವಸ್ಥೆ ಹೊರಹಾಕಿದಂತಾಗುತ್ತದೆ. ಡೇವಿಡ್ ಮತ್ತು ಸ್ಕೀನ್ ಅವರ ವಿಧಾನವೂ ಇಂಥಲ್ಲಿ ಪೂರ್ಣ ರಕ್ಷಣೆ ನೀಡದು. ಎಲ್ಲರ ಉತ್ತರಗಳಿಂದಲೇ ನಿಜವನ್ನು ಅಂದಾಜಿಸುವ ಕಾರಣ, ಬಹುಪಾಲು ಜನರ ಸಮಾನ ತಪ್ಪು ನಿಜದ ವೇಷ ತೊಡುತ್ತದೆ.

6. ಹಂಚಿಕೆಯ ಲೆಕ್ಕ

ಸಾಮರ್ಥ್ಯ ತಿಳಿದ ಮೇಲೆಯೂ ಹಂಚಿಕೆ ತಾನಾಗಿ ಬಗೆಹರಿಯುವುದಿಲ್ಲ. ಕೆಲಸಗಳ ಪಟ್ಟಿಯನ್ನು ತೆರೆದಿಟ್ಟು ದುಡಿಮೆಗಾರರೇ ಆರಿಸಿಕೊಳ್ಳಲು ಬಿಡಬಹುದು. ಅವರಿಗೆ ಒಪ್ಪುವ ಕೆಲಸಗಳನ್ನು ಸೂಚಿಸಬಹುದು. ಇಲ್ಲವೇ ವ್ಯವಸ್ಥೆಯೇ ಹಂಚಬಹುದು. ಆಯ್ಕೆಯಲ್ಲಿ ಸ್ವಾತಂತ್ರ್ಯವಿದೆ, ಆದರೆ ಸಾವಿರಾರು ಕೆಲಸಗಳ ನಡುವೆ ತಮ್ಮದನ್ನು ಹುಡುಕುವುದೇ ಕೂಲಿಯಿಲ್ಲದ ಇನ್ನೊಂದು ದುಡಿಮೆಯಾಗುತ್ತದೆ. ಹಂಚಿಕೆಯಲ್ಲಿ ದಕ್ಷತೆಯಿದೆ, ಅಳತೆ ತಪ್ಪಿದ್ದರೆ ಅನ್ಯಾಯವೂ ಇದೆ.

ಹಂಚುವಾಗ ಪ್ರತಿಯೊಬ್ಬರಿಗೂ ಅವರು ಅತಿ ಚೆನ್ನಾಗಿ ಮಾಡುವ ಕೆಲಸವನ್ನೇ ಕೊಡಬೇಕು ಎಂದು ತೋರುವುದು ಸಹಜ. ಉದಾಹರಣೆಗಾಗಿ ಕಲ್ಪಿಸಿದ ಈ ಅಂಕಗಳನ್ನು ನೋಡಬಹುದು. ಇಬ್ಬರು ದುಡಿಮೆಗಾರರು, ಎರಡು ಕೆಲಸಗಳು. ಒಂದು, ಧ್ವನಿಮುದ್ರಿಕೆಯನ್ನು ಬರಹಕ್ಕಿಳಿಸುವುದು. ಇನ್ನೊಂದು, ಪದಗಳ ಅರ್ಥ ಹೇಳುವುದು. ಮೊದಲನೆಯವರಿಗೆ ಬರವಣಿಗೆಯಲ್ಲಿ 90, ಅರ್ಥದಲ್ಲಿ 80 ಅಂಕ. ಎರಡನೆಯವರಿಗೆ ಬರವಣಿಗೆಯಲ್ಲಿ 80, ಅರ್ಥದಲ್ಲಿ 30. ಮೊದಲನೆಯವರಿಗೆ ಅವರ ಶ್ರೇಷ್ಠ ಕೆಲಸವಾದ ಬರವಣಿಗೆಯನ್ನು ಕೊಟ್ಟರೆ ಅರ್ಥ ಹೇಳುವ ಕೆಲಸ ಎರಡನೆಯವರ ಪಾಲಾಗಿ ಒಟ್ಟು 120 ಆಗುತ್ತದೆ. ಅದಲುಬದಲು ಮಾಡಿದರೆ 160. ಎರಡನೆಯವರು ಚೆನ್ನಾಗಿ ಬರೆಯಬಲ್ಲರಾದ್ದರಿಂದ, ಅರ್ಥ ಹೇಳಬಲ್ಲ ಅಪರೂಪದ ವ್ಯಕ್ತಿಯನ್ನು ಬರವಣಿಗೆಯಲ್ಲಿ ಕಳೆಯಬಾರದು. ಕೆಲಸಗಳೂ ಜನರೂ ಹೆಚ್ಚಿದಾಗ ಇಂಥ ಅತ್ಯುತ್ತಮ ಹಂಚಿಕೆಯನ್ನು ಕಂಡುಹಿಡಿಯುವ ಕ್ರಮವನ್ನು ಹೆರಾಲ್ಡ್ ಕೂನ್ 1955ರಲ್ಲಿ ಪ್ರಕಟಿಸಿದರು. ಹಂಗೇರಿಯ ಗಣಿತಜ್ಞರಾದ ಕೋನಿಗ್ ಮತ್ತು ಎಗರ್ವಾರಿ ಅವರ ಚಿಂತನೆಗಳನ್ನು ಆಧರಿಸಿದ್ದರಿಂದ ಅದಕ್ಕೆ 'ಹಂಗೇರಿಯನ್ ವಿಧಾನ' ಎಂಬ ಹೆಸರು ಬಂದಿದೆ. ಗಣಿತ ಹೇಳುವ ಮಾತು ಸರಳ: ವಿರಳವಾದ ಸಾಮರ್ಥ್ಯವನ್ನು ವಿರಳವಾದ ಅಗತ್ಯಕ್ಕೆ ಮೀಸಲಿಡಬೇಕು.

7. ಕನ್ನಡ ಜಾನಪದ ಸಾಮಗ್ರಿಗೆ ಅನ್ವಯ

ಕನ್ನಡದಲ್ಲಿ ಧ್ವನಿ ಮತ್ತು ಪಠ್ಯಗಳ ಸಮೂಹ ಸಂಗ್ರಹ ಈಗಾಗಲೇ ನಡೆದಿದೆ. ಭಾರತ ಸರ್ಕಾರ 2022ರಲ್ಲಿ ಉದ್ಘಾಟಿಸಿದ 'ಭಾಷಿಣಿ' ಯೋಜನೆಯ 'ಭಾಷಾದಾನ' ವಿಭಾಗ ಕೆಲಸವನ್ನು ಮಾತನಾಡುವುದು, ಕೇಳಿ ಬರೆಯುವುದು, ಅನುವಾದಿಸುವುದು, ಚಿತ್ರ ನೋಡಿ ಗುರುತಿಸುವುದು ಎಂದು ವಿಂಗಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೈಗೊಂಡ 'ವಾಣಿ' ಯೋಜನೆ ಜಿಲ್ಲೆಯನ್ನೇ ಘಟಕವಾಗಿ ಇಟ್ಟುಕೊಂಡು, ಚಿತ್ರಗಳನ್ನು ತೋರಿಸಿ ಜನರು ತಮ್ಮ ಸಹಜ ನುಡಿಯಲ್ಲಿ ವರ್ಣಿಸುವುದನ್ನು ದಾಖಲಿಸಿತು. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧನೆಯಿಂದ ಕವಲೊಡೆದು 2021ರಲ್ಲಿ ರೂಪುಗೊಂಡ ಬೆಂಗಳೂರಿನ 'ಕಾರ್ಯ' ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿಯೂ ಕೂಲಿ ನೀಡಿ ಕನ್ನಡ ಧ್ವನಿಯನ್ನು ಸಂಗ್ರಹಿಸಿತು. ಭಾಷೆಯ ಹೆಸರೊಂದನ್ನೇ ಅರ್ಹತೆಯಾಗಿ ನೋಡದೆ ಊರಿನ ನುಡಿಗೆ ಬೆಲೆ ಕೊಡುವ ದಾರಿ ಇವುಗಳಿಂದ ತೆರೆದಿದೆ.

ಜಾನಪದ ಸಾಮಗ್ರಿಯ ಸ್ವರೂಪ ಇದಕ್ಕಿಂತ ಜಟಿಲವಾದುದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸಂಗ್ರಾಹಕರು ಟೇಪುಗಳಲ್ಲಿ ತುಂಬಿಕೊಂಡ ಹಾಡು, ಕಥೆ, ಕಾವ್ಯಗಳು ಸಂಸ್ಥೆಗಳಲ್ಲಿಯೂ ಖಾಸಗಿ ಕಪಾಟುಗಳಲ್ಲಿಯೂ ಇವೆ. ಕಾಂತೀಯ ಟೇಪುಗಳು ಕಾಲಕ್ರಮದಲ್ಲಿ ಶಿಥಿಲವಾಗುತ್ತವೆ. ಅದಕ್ಕಿಂತ ವೇಗವಾಗಿ ಅವುಗಳನ್ನು ಕೇಳಿ ಅರ್ಥೈಸಬಲ್ಲ ತಲೆಮಾರು ಮರೆಯಾಗುತ್ತಿದೆ. ಟೇಪನ್ನು ಗಣಕಕ್ಕೆ ವರ್ಗಾಯಿಸಿ ಉಳಿಸಬಹುದು, ಕಿವಿಯನ್ನು ವರ್ಗಾಯಿಸಲಾಗದು. ಈ ಹಿನ್ನೆಲೆಯಲ್ಲಿ ಮುಂದಿನ ಅಂಶಗಳನ್ನು ಪರಿಶೀಲಿಸಬಹುದು.

ಅ) ಹೊಂದಾಣಿಕೆಯ ಮೊದಲ ಆಧಾರ ಪ್ರದೇಶವಾಗಬೇಕು, ಎರಡನೆಯದು ಪ್ರಕಾರ. ಬೀಸುವ ಪದ, ಸೋಬಾನೆ ಪದಗಳನ್ನು ಹಾಡಿ ಕೇಳಿದ ಮಹಿಳೆಯರಿಗೆ ಅವುಗಳನ್ನೂ, ಕಣದ ಬದುಕು ಕಂಡವರಿಗೆ ಹಂತಿಯ ಪದಗಳನ್ನೂ, ಮಾದೇಶ್ವರನ ಪರಂಪರೆಯ ಒಡನಾಟವಿರುವವರಿಗೆ ಕಂಸಾಳೆಯವರ ಕಥನಗಳನ್ನೂ ನೀಡುವುದು ಯುಕ್ತ. ವಿದ್ಯಾಭ್ಯಾಸದ ಪದವಿ ಇಲ್ಲಿ ಅರ್ಹತೆಯ ಅಳತೆಗೋಲಾಗಲಾರದು.

ಆ) ಲಿಪ್ಯಂತರವೆಂಬ ಒಂದೇ ಕೆಲಸವನ್ನು ಕೇಳಿ ತಿಳಿಯುವುದು, ಬರೆಯುವುದು, ಅರ್ಥ ಹೇಳುವುದು, ಪರಿಶೀಲಿಸುವುದು ಎಂದು ಬಿಡಿಸಬೇಕು. ಅಕ್ಷರ ಬಾರದ ಹಿರಿಯರು ಕೇಳಿದ ಸಾಲನ್ನು ನಿಧಾನವಾಗಿ ಮರುನುಡಿದು, ಕಠಿಣ ಪದಗಳನ್ನು ಬಾಯಿಮಾತಿನಲ್ಲೇ ವಿವರಿಸಬಹುದು. ಅದೇ ಊರಿನ ಹೈಸ್ಕೂಲು ವಿದ್ಯಾರ್ಥಿ ಅದನ್ನು ಬರೆದುಕೊಳ್ಳಬಹುದು. ಐರ್ಲೆಂಡಿನ ಮಕ್ಕಳ ಸಂಗ್ರಹ ನಮಗೆ ಕಲಿಸುವ ಪಾಠ ಇದೇ.

ಇ) ಉತ್ತರ ಗೊತ್ತಿರುವ ಪರೀಕ್ಷಾ ಪ್ರಶ್ನೆಗಳನ್ನು ಆಯಾ ಪ್ರದೇಶದ ಬಲ್ಲವರಿಂದಲೇ ಸಿದ್ಧಪಡಿಸಬೇಕು. ಶಿಷ್ಟ ಕನ್ನಡದ ಕಾಗುಣಿತವನ್ನು ಮಾನದಂಡವಾಗಿಟ್ಟರೆ, 'ಐತಿ', 'ಅದ', 'ಉಂಟು' ಎಂಬುವನ್ನೆಲ್ಲ 'ಇದೆ' ಎಂದು ತಿದ್ದಿ ಬರೆಯುವವರೇ ಉತ್ತಮ ದುಡಿಮೆಗಾರರೆನಿಸುತ್ತಾರೆ. ಹಾಗೆ ತಿದ್ದುವ ರೂಢಿಯುಳ್ಳವರನ್ನು ತಿರಸ್ಕರಿಸಬೇಕಾಗಿಲ್ಲ. ಅವರ ತಪ್ಪಿನ ಕ್ರಮ ಗೊತ್ತಾದ ಮೇಲೆ ಅವರಿಗೆ ಸಾರಾಂಶ ಬರೆಯುವ, ಸೂಚಿ ತಯಾರಿಸುವ ಕೆಲಸವನ್ನು ವಹಿಸಬಹುದು.

ಈ) ಭಿನ್ನ ಉತ್ತರಗಳನ್ನು ಬಹುಮತದಿಂದ ಅಳಿಸದೆ ಪಾಠಾಂತರಗಳಾಗಿ ಉಳಿಸಿಕೊಳ್ಳಬೇಕು. ಐವರಲ್ಲಿ ಒಬ್ಬರು ಬೇರೆ ಬರೆದಾಗ ಅವರ ಅಂಕ ಕಳೆಯುವ ಮೊದಲು ಅವರು ಯಾವ ಊರಿನವರು, ಹಾಡು ಯಾವ ಊರಿನದು ಎಂದು ನೋಡಬೇಕು. ಊರು ಒಂದೇ ಆಗಿದ್ದರೆ ಆ ಭಿನ್ನತೆಯೇ ತಿಳಿವಿನ ಗುರುತಾಗಿರಬಹುದು.

ಉ) ದುಡಿಮೆಗೆ ನ್ಯಾಯವಾದ ಕೂಲಿಯೂ, ಒಪ್ಪುವವರಿಗೆ ಹೆಸರಿನ ಮನ್ನಣೆಯೂ ದೊರೆಯಬೇಕು. ಅರ್ಥ ಹೇಳಿದ ಹಿರಿಯರಿಗೂ ಬೆರಳಚ್ಚು ಮಾಡಿದವರಿಗೂ ಸಮಾನ ಗೌರವ ಸಲ್ಲಬೇಕು. ಕೆಲಸ ತಿರಸ್ಕೃತವಾದಾಗ ಕಾರಣವನ್ನು ಕೇಳುವ, ತಮ್ಮ ಓದನ್ನು ಸಮರ್ಥಿಸಿಕೊಳ್ಳುವ ಅವಕಾಶವೂ ಇರಬೇಕು.

8. ಸಮಾರೋಪ

ಒಟ್ಟಾರೆಯಾಗಿ ಹೇಳುವುದಾದರೆ, ಸಮೂಹ ದುಡಿಮೆಯಲ್ಲಿ ಹೊಂದಾಣಿಕೆಯೆಂಬುದು ಉತ್ತಮರನ್ನು ಆರಿಸಿ ಉಳಿದವರನ್ನು ಬಿಡುವ ಕ್ರಿಯೆಯಲ್ಲ. ಯಾರು ಯಾವುದರಲ್ಲಿ ಬಲ್ಲವರು ಎಂದು ಅರಿಯುವುದು, ಆ ಅರಿವಿಗೆ ತಕ್ಕಂತೆ ಕೆಲಸವನ್ನು ಕತ್ತರಿಸುವುದು, ಒಬ್ಬರ ಕೊರತೆಯನ್ನು ಇನ್ನೊಬ್ಬರ ಬಲದಿಂದ ತುಂಬುವುದು ಇವೆಲ್ಲ ಅದರ ಅಂಗಗಳು. ಅಳತೆಯ ಗಣಿತ ಬಹಳ ಮುಂದುವರಿದಿದೆ. ಆದರೆ ಯಾವುದನ್ನು ಸರಿಯೆಂದು ಎಣಿಸಬೇಕು ಎಂಬುದನ್ನು ಗಣಿತ ತಾನಾಗಿ ಹೇಳಲಾರದು. ಅದನ್ನು ಹೇಳಬೇಕಾದವರು ಆ ನುಡಿಯನ್ನು ಬದುಕಿದವರು. ಅವರ ಸಂಖ್ಯೆ ಕಡಿಮೆಯಾಗುತ್ತಿರುವ ಈ ಹೊತ್ತಿನಲ್ಲಿ, ಬಹುಮತದ ಎಣಿಕೆಯಲ್ಲಿ ಅವರು ಸೋಲದಂತೆ ನೋಡಿಕೊಳ್ಳುವ ಹೊಣೆ ಜಾನಪದ ವಿದ್ವಾಂಸರ ಮೇಲಿದೆ. ತಂತ್ರಜ್ಞರು ವೇದಿಕೆಯನ್ನು ಕಟ್ಟಿಕೊಡಬಲ್ಲರು. ಅದರ ಮೇಲೆ ಯಾವ ಹಾಡಿಗೆ ಯಾವ ಊರಿನ ಯಾರನ್ನು ಕರೆಯಬೇಕೆಂಬ ಪಟ್ಟಿಯನ್ನು ಕ್ಷೇತ್ರಕಾರ್ಯದ ಅನುಭವವುಳ್ಳವರು ಸಿದ್ಧಪಡಿಸಬೇಕಾಗಿದೆ. ಪ್ರತಿ ಜಿಲ್ಲೆಯ ಧ್ವನಿಮುದ್ರಿಕೆಗಳ ಸೂಚಿ, ಅವುಗಳನ್ನು ಕೇಳಿ ಹೇಳಬಲ್ಲ ಹಿರಿಯರ ಸೂಚಿ, ಬರೆದುಕೊಳ್ಳಬಲ್ಲ ಕಿರಿಯರ ಸೂಚಿ ಎಂಬ ಮೂರನ್ನು ಒಟ್ಟಿಗೆ ಇಟ್ಟುಕೊಂಡು ಆರಂಭಿಸಬಹುದಾದ ಕೆಲಸ ಇದು. ಈ ಮೂರರಲ್ಲಿ ತಡಮಾಡದೆ ಮೊದಲು ಬರೆದಿಡಬೇಕಾದುದು ಎರಡನೆಯ ಸೂಚಿ.